ಏಳು ಬಡಿತದ ಅಚ್ಚಕ್ಕ

ಭಾನುವಾರ ಮಧ್ಯಾಹ್ನ ಮೂರು ಗಂಟೆ ಹೊಡೆಯಿತೆಂದರೆ ಅಚ್ಚಕ್ಕನಿಗೆ ಮೈಯೆಲ್ಲ ಉರಿ. ಮೆಟ್ಟಿಲ ಮೇಲೆ ಬೂಟುಗಳ ಸದ್ದು, ಬಾಗಿಲಲ್ಲಿ "ಇದ್ದೀರಾ?" ಎಂಬ ಕೂಗು, ಆಮೇಲೆ ಸಂಜೆ ಆರರವರೆಗೆ ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಏಳೆಂಟು ಗಂಡಸರು, ಯಾರಿಗೂ ನಲವತ್ತಕ್ಕೆ ಕಡಿಮೆ ವಯಸ್ಸಿಲ್ಲ, ಕುರ್ಚಿ, ಸೋಫಾದ ಕೈ, ಕಿಟಕಿಯ ಕಟ್ಟೆ ಅಂತ ಸಿಕ್ಕ ಸಿಕ್ಕಲ್ಲಿ ಕೂತು 'ತುಕ್ಕು' ಎಂಬ ರಾಕ್ ಬ್ಯಾಂಡಿನ ವಿಷಯಕ್ಕೆ ಕಚ್ಚಾಡುತ್ತಿದ್ದರು. ಆ ಬ್ಯಾಂಡು ಹುಟ್ಟಿ ಮೂವತ್ತೆಂಟು ವರ್ಷ, ಹೊರಬಂದ ಆಲ್ಬಂ ಹದಿನಾಲ್ಕು. ಇಷ್ಟಾದರೂ ಅದಿನ್ನೂ ಅಂಗಡಿ ಮುಚ್ಚಿಲ್ಲವಲ್ಲ ಎಂಬುದೇ ಅಚ್ಚಕ್ಕನ ಸಂಕಟ.

"ಐದನೇ ಆಲ್ಬಮ್ಮಿಗೇ ಕಥೆ ಮುಗೀತು. ಆಮೇಲಿಂದೆಲ್ಲ ಬರೀ ಹೊಟ್ಟೆಪಾಡು," ಎಂದು ಗುಂಪಿನ ಹಿರಿಯ ತೀರ್ಪು ಕೊಡುತ್ತಿದ್ದ. ಜಮೀನು ಅಳೆಯುವ ಸರ್ವೇಯರ್ ಅವನು. ಮಾತನ್ನೂ ಗೂಟ ಹೊಡೆದ ಹಾಗೇ ಆಡುವವನು.

"ಹೊಟ್ಟೆಪಾಡಿನಲ್ಲಿ ಏನ್ರೀ ತಪ್ಪು? ಡ್ರಮ್ಮರ್‌ಗೆ ಮೂರು ಮಕ್ಕಳು," ಎಂದು ಔಷಧಿ ಅಂಗಡಿಯವನು ಏರಿ ಬರುತ್ತಿದ್ದ.

"ಮೂರಲ್ಲ, ನಾಲ್ಕು. ಎರಡನೇ ಹೆಂಡ್ತಿ ಮಗಳು ಮನುಷ್ಯಳಲ್ವಾ?"

"ಎರಡನೇ ಹೆಂಡ್ತಿ ವಿಷಯ ಎತ್ತಬೇಡಿ! ಅವಳಿಂದಾನೇ ಆರನೇ ಆಲ್ಬಂ ಹಾಳಾಗಿದ್ದು."

ಬೇಸ್ ನುಡಿಸುವವನೂ ಹಾಡುವವನೂ ಹನ್ನೊಂದು ವರ್ಷದಿಂದ ಪರಸ್ಪರ ಮಾತಾಡದೆ ಒಂದೇ ವೇದಿಕೆ ಹತ್ತುತ್ತಿದ್ದಾರಂತೆ. ಆ ಜಗಳದಲ್ಲಿ ಯಾರ ತಪ್ಪು ಎಂಬ ಪ್ರಶ್ನೆಗೆ ಈ ಗುಂಪಿನಲ್ಲೇ ಇಬ್ಬರು ಮಾತು ಬಿಟ್ಟಿದ್ದರು. ಆದರೂ ಪ್ರತಿ ಭಾನುವಾರ ಬಂದು ಒಂದೇ ಸೋಫಾದಲ್ಲಿ ಮುಖ ಆಚೆ ಈಚೆ ತಿರುಗಿಸಿಕೊಂಡು ಕೂರುತ್ತಿದ್ದರು.

ಮನೆ ಅಳಿಯನ ಹೆಸರಿನಲ್ಲಿ ಬಾಡಿಗೆಗೆ ಹಿಡಿದದ್ದು. ಅಳಿಯ ಸಾರ್ವಜನಿಕ ಗ್ರಂಥಾಲಯದಲ್ಲಿ ಗುಮಾಸ್ತ. ಪುಸ್ತಕಗಳ ಬೆನ್ನಿಗೆ ನಂಬರು ಅಂಟಿಸುವುದು, ಹರಿದದ್ದಕ್ಕೆ ಪಟ್ಟಿ ಹಚ್ಚುವುದು ಅವನ ಕೆಲಸ. ಮಂಡಿ ನೋವು ಬಂದು ಬಕೆಟ್ ಕಾರ್ಖಾನೆಯ ಕೆಲಸ ಬಿಟ್ಟ ಮೇಲೆ ಅಚ್ಚಕ್ಕ ಮಗಳ ಮನೆ ಸೇರಿದ್ದಳು, ನಾಲ್ಕು ವರ್ಷದ ಹಿಂದೆ. ಮೊದಲು ಅವಳಿಗೊಂದು ಚಿಕ್ಕ ಕೋಣೆ ಕೊಟ್ಟಿದ್ದರು. ಅಳಿಯನ ರೆಕಾರ್ಡುಗಳು ಬೆಳೆದವು. ಬಿಸಿಲು ಬೀಳಬಾರದು, ಶೀತ ತಗಲಬಾರದು, ಒಂದರ ಮೇಲೊಂದು ಮಲಗಿಸಬಾರದು ಎಂದು ಅವುಗಳಿಗೆ ಬಾಣಂತಿಯ ಉಪಚಾರ. ಕೊನೆಗೆ ಕೋಣೆ ರೆಕಾರ್ಡುಗಳ ಪಾಲಾಗಿ, ಅಚ್ಚಕ್ಕನ ಮಂಚ ಅಡುಗೆಮನೆಯ ಪಕ್ಕದ ಓಡಾಡುವ ಜಾಗಕ್ಕೆ ಬಂತು. ಬಚ್ಚಲಿಗೆ ಹೋಗುವವರೆಲ್ಲ ಅವಳ ಕಾಲು ದಾಟಿಕೊಂಡೇ ಹೋಗಬೇಕು.

"ನನಗಿಂತ ಆ ತಟ್ಟೆಗಳೇ ಮೇಲು ಬಿಡು," ಎಂದು ಅವಳು ಮಗಳ ಮುಂದೆ ಗೊಣಗುವಳು.

"ಅಮ್ಮಾ, ಕುಡಿಯಲ್ಲ, ಇಸ್ಪೀಟಾಡಲ್ಲ. ಇದೊಂದು ಹುಚ್ಚು ಇದೆ, ಇರಲಿ ಬಿಡು," ಎಂದು ಮಗಳು ಬಾಯಿ ಮುಚ್ಚಿಸುವಳು. ಹಲ್ಲಿನ ಡಾಕ್ಟರ ಬಳಿ ಚೀಟಿ ಬರೆಯುವ ಕೆಲಸ ಮಗಳದು. ದಿನವಿಡೀ ಜನರ ನರಳಾಟ ಕೇಳಿ ಬಂದವಳಿಗೆ ಮನೆಯಲ್ಲಿ ಇನ್ನೊಂದು ನರಳಾಟ ಬೇಕಿರಲಿಲ್ಲ.

ಅಳಿಯ ಎಂಟು ವರ್ಷದಿಂದ ಬ್ಯಾಂಡಿನ ಮೇಲೊಂದು ಪುಸ್ತಕ ಬರೆಯುತ್ತಿದ್ದ. ಅದು ಮುಗಿಯುವ ಹಂತಕ್ಕೆ ಬಂದಿತ್ತು. ಆ ಭಾನುವಾರ ಅವನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಪುಸ್ತಕದ ಮುಖ್ಯ ಅಧ್ಯಾಯವನ್ನು ಓದತೊಡಗಿದ. ಅಧ್ಯಾಯದ ಹೆಸರು 'ಏಳು ಬಡಿತ'.

ವಿಷಯ ಗುಂಪಿನಲ್ಲಿ ಎಲ್ಲರಿಗೂ ಬಾಯಿಪಾಠ. ಮೂವತ್ತೊಂದು ವರ್ಷದ ಹಿಂದೆ ನಾಲ್ಕನೇ ಆಲ್ಬಂ ತಯಾರಾಗುತ್ತಿದ್ದಾಗ ಗಾಯಕನ ಅಣ್ಣ, ಬ್ಯಾಂಡಿನ ಗಿಟಾರ್ ನುಡಿಸುವವನು, ಮೋಟಾರ್‌ಸೈಕಲ್ ಅಪಘಾತದಲ್ಲಿ ಸತ್ತ. ಹನ್ನೊಂದು ದಿನ ಕಳೆದು ತಮ್ಮ 'ಅಣ್ಣನ ಅಂಗಿ' ಎಂಬ ಹಾಡು ಹಾಡಿದ. ಆಲ್ಬಮ್ಮಿನ ಕೊನೆಯ ಹಾಡು ಅದು. ದನಿ ನಿಂತ ಮೇಲೆ, ಮೌನದಲ್ಲಿ, ಏಳು ಸಲ 'ಟಕ್' ಎಂಬ ಮೆಲ್ಲನೆಯ ಬಡಿತ ಕೇಳುತ್ತದೆ. ಮೊದಲ ಸಲ ಅಚ್ಚಾದ ರೆಕಾರ್ಡುಗಳಲ್ಲಿ ಮಾತ್ರ. ಆಮೇಲೆ ಬಂದವುಗಳಲ್ಲಿ ಇಲ್ಲ. ಗಾಯಕ ಆ ಬಗ್ಗೆ ಎಂದೂ ಬಾಯಿ ಬಿಟ್ಟವನಲ್ಲ. ಬಡಿತವಿರುವ ರೆಕಾರ್ಡು ಇದ್ದವನಿಗೆ ಗುಂಪಿನಲ್ಲಿ ಮರ್ಯಾದೆಯೇ ಬೇರೆ. ಔಷಧಿ ಅಂಗಡಿಯವನು ಸ್ಕೂಟರ್ ಮಾರಿ ಒಂದನ್ನು ಕೊಂಡಿದ್ದ. ಅಂದಿನಿಂದ ಬಸ್ಸಿನಲ್ಲೇ ಓಡಾಟ.

"ಅವು ಗಾಯಕ ತನ್ನ ಎದೆಗೆ ಮುಷ್ಟಿಯಿಂದ ಹೊಡೆದುಕೊಂಡ ಏಳು ಹೊಡೆತಗಳು," ಎಂದು ಅಳಿಯ ಓದಿದ. "ಅಣ್ಣತಮ್ಮಂದಿರ ನಡುವೆ ಏಳು ವರ್ಷದ ಅಂತರವಿತ್ತು. ನಮ್ಮ ಕಾಲದ ಸಂಗೀತದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಹನ್ನೊಂದು ಸೆಕೆಂಡುಗಳಿಲ್ಲ. ಎರಡನೇ ಮುದ್ರಣದ ಹೊತ್ತಿಗೆ ಆ ನೋವನ್ನು ತಾನೇ ಕೇಳಲಾರದೆ ಗಾಯಕ ಅವನ್ನು ಅಳಿಸಿಹಾಕಿಸಿದ."

"ಎದೆ ಅಲ್ಲ," ಎಂದ ಸರ್ವೇಯರ್. "ಅಣ್ಣನ ಗಿಟಾರ್ ಬೆನ್ನಿಗೆ ಬೆರಳಲ್ಲಿ ಬಡಿದಿದ್ದು. ಮರದ ಸದ್ದು ಅದು. ನಾನು ಇಪ್ಪತ್ತು ವರ್ಷದಿಂದ ಹೇಳ್ತಾ ಇದ್ದೀನಿ."

"ಇಬ್ರೂ ಸುಳ್ಳು. ಅದು ಡ್ರಮ್ಮರ್ ಕಾಲು," ಎಂದ ಔಷಧಿ ಅಂಗಡಿಯವನು. "ಅವನಿಗೆ ಅಳೋಕೆ ಬರ್ತಿರಲಿಲ್ಲ, ಪಾಪ."

ಮಾತಿಗೆ ಮಾತು ಬೆಳೆಯಿತು. ಕೇಳಿಯೇ ತೀರ್ಮಾನಿಸೋಣ ಎಂದು ಅಳಿಯ ರೆಕಾರ್ಡ್ ಹಾಕಿ, ಕೊನೆಯ ಹಾಡಿಗೆ ಮುಳ್ಳಿಟ್ಟು, ಸದ್ದು ಏರಿಸಿದ. ಗಾಜಿನ ಲೋಟಗಳು ಅಲುಗಿದವು. ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ ಅಚ್ಚಕ್ಕ ಎರಡು ಸಲ ಕೂಗಿದಳು. ಯಾರಿಗೂ ಕೇಳಿಸಲಿಲ್ಲ. ಕೈಯಲ್ಲಿ ಚಾಕು ಹಿಡಿದೇ ಬಾಗಿಲಿಗೆ ಬಂದಳು.

"ಸ್ವಲ್ಪ ಸಣ್ಣ ಮಾಡಿ. ತಲೆ ಸಿಡೀತಾ ಇದೆ."

ಅಳಿಯ ಹುಬ್ಬು ಗಂಟಿಕ್ಕಿದ. "ಅತ್ತೆ, ಒಳಗೆ ಹೋಗಿ. ಇದನ್ನ ಕೇಳೋಕೆ ಬರೀ ಕಿವಿ ಇದ್ರೆ ಸಾಲದು. ನೀವು ಬಕೆಟ್ ಮಾಡ್ತಿದ್ರಲ್ಲ, ಹಾಗಲ್ಲ ಇದು."

ಗುಂಪು ಗೊಳ್ಳೆಂದು ನಕ್ಕಿತು. ಆ ನಗು ಅಚ್ಚಕ್ಕನ ಮುಖಕ್ಕೆ ರಾಚಿತು.

"ಬಕೆಟ್ಟೂ ಮಾಡಿದ್ದೀನಿ, ಇದನ್ನೂ ಮಾಡಿದ್ದೀನಿ," ಎಂದಳು. "ನಿಮ್ಮ ಎದೆಯೂ ಅಲ್ಲ, ಗಿಟಾರೂ ಅಲ್ಲ, ಯಾರ ಕಾಲೂ ಅಲ್ಲ. ಅದು ಸ್ಪ್ಯಾನರ್. ನನ್ನ ಸ್ಪ್ಯಾನರ್."

ಯಾರೋ ಸದ್ದು ತಗ್ಗಿಸಿದರು.

ಅಚ್ಚಕ್ಕ ಇಪ್ಪತ್ತೊಂದನೇ ವಯಸ್ಸಿಗೆ ರೆಕಾರ್ಡ್ ಕಾರ್ಖಾನೆ ಸೇರಿದವಳು. ಈ ಹೆಸರು ಬಂದದ್ದೇ ಅಲ್ಲಿ, ಅಚ್ಚಿನ ಯಂತ್ರದ ಮುಂದೆ. ಕೆಳಗೊಂದು ಮೇಲೊಂದು ನಿಕ್ಕಲ್ಲಿನ ಅಚ್ಚುತಟ್ಟೆ. ನಡುವೆ ಕಾದ ಪ್ಲಾಸ್ಟಿಕ್ಕಿನ ಕಪ್ಪು ಉಂಡೆ ಇಟ್ಟು ಹಿಡಿಕೆ ಎಳೆದರೆ ಉಗಿ ಬುಸ್ಸೆಂದು ಉಂಡೆ ಚಪ್ಪಟೆಯಾಗುತ್ತಿತ್ತು. ಅಂಚು ಕತ್ತರಿಸಿ ಪಕ್ಕಕ್ಕಿಡಬೇಕು, ಅಷ್ಟರಲ್ಲಿ ಮುಂದಿನ ಉಂಡೆ. ಅರ್ಧ ನಿಮಿಷಕ್ಕೊಂದು. ಹತ್ತು ಗಂಟೆಯ ಪಾಳಿ ನಿಂತುಕೊಂಡೇ. ಅವಳು ಬಸುರಿಯಾಗಿ ಐದನೇ ತಿಂಗಳಲ್ಲಿ ಒಂದು ಸ್ಟೂಲು ಕೇಳಿದ್ದಕ್ಕೆ ಫೋರ್‌ಮನ್, "ಕೂತ್ಕೊಂಡು ಮಾಡೋ ಕೆಲಸ ಬೇಕಾದ್ರೆ ಮನೇಲಿದೆ, ಹೋಗು," ಎಂದಿದ್ದ.

ನಾಲ್ಕನೇ ಆಲ್ಬಮ್ಮಿನ ಅಚ್ಚುತಟ್ಟೆ ಬಂದದ್ದು ಆಗಲೇ. ಅದನ್ನು ಯಂತ್ರಕ್ಕೆ ಬಿಗಿಯುವಾಗ ಅವಳಿಗೆ ತಲೆ ತಿರುಗಿತು. ಬಗ್ಗಿ ಯಂತ್ರ ಹಿಡಿದುಕೊಂಡಳು. ಏಪ್ರನ್ನಿನ ಜೇಬಿನಲ್ಲಿದ್ದ ಸ್ಪ್ಯಾನರ್ ಜಾರಿ ತಟ್ಟೆಯ ಮೇಲೆ ಬಿತ್ತು. ನೋಡಿದರೆ ನಡುವಿನ ಲೇಬಲ್ಲಿಗೆ ಹತ್ತಿರ ಒಂದು ಗುರುತು, ಎಳ್ಳುಕಾಳಿನಷ್ಟು. ಯಾರೂ ನೋಡಿರಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ಬಟ್ಟೆಯಿಂದ ಒರೆಸಿ, ಹಿಡಿಕೆ ಎಳೆದಳು. ಮೂರು ದಿನ ಎಳೆದಳು. ಸಾವಿರಾರು ರೆಕಾರ್ಡುಗಳ ಮೇಲೆ ಆ ಎಳ್ಳುಕಾಳು ಕೂತಿತು.

ಅಂಗಡಿಗಳಿಂದ ದೂರು ಬಂದಾಗ ತಟ್ಟೆ ಬದಲಿಸಿದರು. ಫೋರ್‌ಮನ್ ನೇರವಾಗಿ ಹೋದದ್ದು ಕೇಳುವ ಕೋಣೆಗೆ. ನೂರಕ್ಕೊಂದರಂತೆ ರೆಕಾರ್ಡ್ ಆರಿಸಿ ಕೇಳಿ ಪರೀಕ್ಷಿಸಲು ಅಲ್ಲೊಬ್ಬಳು ಹುಡುಗಿಯಿದ್ದಳು. ಕಾರ್ಖಾನೆಯಲ್ಲೆಲ್ಲ ಅವಳನ್ನು 'ಕಿವಿ' ಎಂದೇ ಕರೆಯುವುದು. ಅಚ್ಚಕ್ಕನ ಜೊತೆ ಒಂದೇ ಬಸ್ಸಿನಲ್ಲಿ ಬಂದು, ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದವಳು. "ಇಷ್ಟು ದೊಡ್ಡ ಸದ್ದು ಕೇಳಲಿಲ್ವಾ? ಕಿವುಡಿ!" ಎಂದು ಎಲ್ಲರ ಮುಂದೆ ಕೂಗಾಡಿ ಫೋರ್‌ಮನ್ ಅವಳನ್ನು ಅಂದೇ ಮನೆಗೆ ಕಳಿಸಿದ. ಅಚ್ಚಕ್ಕ ಹಿಡಿಕೆ ಹಿಡಿದು ನಿಂತಿದ್ದಳು. ಕಿವಿ ಹೋಗುವಾಗ ಒಮ್ಮೆ ತಿರುಗಿ ನೋಡಿದಳು. ಅಚ್ಚಕ್ಕ ಅಂಚು ಕತ್ತರಿಸುವುದರಲ್ಲಿ ಮುಳುಗಿದವಳಂತೆ ತಲೆ ತಗ್ಗಿಸಿದಳು.

ಮಗಳಿಗೆ ನಾಲ್ಕು ವರ್ಷವಾದಾಗ ಕ್ಯಾಸೆಟ್ಟುಗಳ ಕಾಲ ಬಂದು ಕಾರ್ಖಾನೆ ಮುಚ್ಚಿತು. ಆಮೇಲೆ ಅಚ್ಚಕ್ಕ ಅದರ ಸುದ್ದಿಯನ್ನೇ ಎತ್ತಲಿಲ್ಲ. ಯಾರಾದರೂ ಕೇಳಿದರೆ, "ಮೊದಲಿನಿಂದಲೂ ಪ್ಲಾಸ್ಟಿಕ್ ಕಾರ್ಖಾನೆ," ಎನ್ನುವಳು. ಸುಳ್ಳೇನಲ್ಲ. ಅಳಿಯ ಮದುವೆಯಾದ ಹೊಸದರಲ್ಲಿ ಆ ಹಾಡು ಹಾಕಿದಾಗ, ಮೊದಲ 'ಟಕ್'ಗೇ ಅವಳಿಗೆ ತನ್ನ ಸ್ಪ್ಯಾನರ್ ನೆನಪಾಗಿತ್ತು. ಈ ಮನೆ ಸೇರಿದ ಮೇಲೆ ಪ್ರತಿ ಭಾನುವಾರ ಕೇಳಿಯೂ ಕೇಳದವಳಂತೆ ಇದ್ದುಬಿಟ್ಟಿದ್ದಳು.

ಈಗ ಎಲ್ಲವನ್ನೂ ಅವರ ಮುಂದೆ ಒದರಿಬಿಟ್ಟಳು. ಸ್ಪ್ಯಾನರ್, ಎಳ್ಳುಕಾಳು, ಮೂರು ದಿನ. ಕಿವಿ ಎಂಬವಳು ಕೆಲಸ ಕಳೆದುಕೊಂಡಳೆಂದೂ ಬಾಯಿಗೆ ಬಂತು. ಅದಕ್ಕೆ ಕಾರಣ ಯಾರೆಂಬುದು ಬರಲಿಲ್ಲ. ಒಂದು ರೀತಿಯ ಸುಖವಾಯಿತು ಅವಳಿಗೆ, ಅಳಿಯನ ಮುಖದ ನೀರಿಳಿಯುವುದನ್ನು ನೋಡುತ್ತ.

"ಸುಳ್ಳು!" ಎಂದು ಸರ್ವೇಯರ್ ಎದ್ದೇ ನಿಂತ. "ರೀ, ನಿಮ್ಮತ್ತೆಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು ಇದ್ರೆ ಅಡುಗೆಮನೇಲಿ ತೀರಿಸಿಕೊಳ್ಳಿ ಅನ್ನಿ. ಸತ್ತವರ ವಿಷಯ ಇದು."

"ರೆಕಾರ್ಡ್ ಕೊಡಿ ಇಲ್ಲಿ. ಉಗುರಲ್ಲಿ ಸವರಿದ್ರೆ ಸಿಗುತ್ತೆ."

"ಮುಟ್ಟಬೇಡಿ!" ಎಂದು ಔಷಧಿ ಅಂಗಡಿಯವನು ತಾನು ತಂದಿದ್ದ ರೆಕಾರ್ಡನ್ನು ಎದೆಗವಚಿಕೊಂಡ. ಅವಳ ಕೈಯಲ್ಲಿ ಇನ್ನೂ ಚಾಕುವಿತ್ತು.

ಮೂಲೆಯಲ್ಲಿ ಕೂತಿದ್ದ ಗಡಿಯಾರ ರಿಪೇರಿಯ ಮುದುಕ, ಎಂದೂ ಬಾಯಿ ತೆರೆಯದವನು, ಜೇಬಿನಿಂದ ಸ್ಟಾಪ್‌ವಾಚ್ ತೆಗೆದ. "ಇನ್ನೊಂದ್ಸಲ ಹಾಕಿ," ಎಂದ. ಹಾಕಿದರು. "ಇನ್ನೊಂದ್ಸಲ." ಮೂರು ಸಲವಾಯಿತು. ಅವನು ಕನ್ನಡಕ ಏರಿಸಿಕೊಂಡು ಹೇಳಿದ: "ಮೊದಲನೇದರಿಂದ ಏಳನೇದಕ್ಕೆ ಹತ್ತು ಪಾಯಿಂಟ್ ಎಂಟು ಸೆಕೆಂಡು. ಮೂರು ಸಲವೂ ಅಷ್ಟೇ. ಆರರಿಂದ ಭಾಗಿಸಿ, ಒಂದು ಪಾಯಿಂಟ್ ಎಂಟು. ರೆಕಾರ್ಡು ಒಂದು ಸುತ್ತು ಬರೋಕೆ ಬೇಕಾಗೋದೂ ಅಷ್ಟೇ. ಸುತ್ತಿಗೊಂದು ಸಲ ಮುಳ್ಳು ಎಡವ್ತಾ ಇದೆ. ದುಃಖದಲ್ಲಿರೋ ಮನುಷ್ಯ ಇಷ್ಟು ಸರಿಯಾಗಿ ಬಡಿಯಲ್ಲ ಸ್ವಾಮಿ."

ಅಷ್ಟು ಸಾಕಾಯಿತು. ಒಬ್ಬರ ಮೇಲೊಬ್ಬರು ಹರಿಹಾಯ್ದರು. ಸರ್ವೇಯರ್ ಗಡಿಯಾರದವನನ್ನು "ಮನೆಮುರುಕ" ಎಂದ. ಔಷಧಿ ಅಂಗಡಿಯವನು, "ಎಂಟು ವರ್ಷ ಇವರನ್ನ ಮನೇಲೇ ಇಟ್ಕೊಂಡು ಬರೆದ್ರಲ್ಲ ಪುಸ್ತಕ, ಒಂದ್ಸಲ ಕೇಳಬಾರದಿತ್ತಾ?" ಎಂದು ಅಳಿಯನ ಮೇಲೆ ಬಿದ್ದ. ಅಚ್ಚಕ್ಕ ಬಂದು ನಾಲ್ಕೇ ವರ್ಷವೆಂದು ಹೇಳುವ ಚೈತನ್ಯವೂ ಅಳಿಯನಿಗೆ ಉಳಿದಿರಲಿಲ್ಲ. ಐದು ಗಂಟೆಗೆ ಮುಂಚೆಯೇ ಕೋಣೆ ಖಾಲಿಯಾಯಿತು. ಅಳಿಯ ಹಾಳೆಗಳನ್ನು ಜೋಡಿಸಿ, ರಬ್ಬರ್ ಬ್ಯಾಂಡ್ ಹಾಕಿ, ಅತ್ತೆಯ ಕಡೆ ನೋಡದೆ ರೆಕಾರ್ಡುಗಳ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡ.

ಆಮೇಲಿನ ವಾರಗಳಲ್ಲಿ ಆ ಮನೆಯಲ್ಲಿ ಪಾತ್ರೆಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಳಿಯ ಹೆಂಡತಿಯ ಮೂಲಕ ಮಾತಾಡಿದ. "ನಿಮ್ಮಮ್ಮಂಗೆ ಹೇಳು, ಬಚ್ಚಲ ದೀಪ ಆರಿಸಲಿ." ಅಮ್ಮ ಎರಡು ಮಾರು ದೂರದಲ್ಲೇ ಮಂಚದ ಮೇಲೆ ಕೂತಿರುತ್ತಿದ್ದಳು. "ನಿನ್ನ ಗಂಡಂಗೆ ಹೇಳು, ಅದು ನಾನು ಹಾಕಿದ್ದಲ್ಲ." ಸುದ್ದಿ ಬೇರೆ ಊರುಗಳ ಅಭಿಮಾನಿಗಳಿಗೂ ಹರಡಿತು. ಫೋನಿನಲ್ಲಿ ಹೆಸರು ಹೇಳದವರು ಬೈದರು. ಒಬ್ಬನಂತೂ, "ನಿಮ್ಮಿಂದ ನಮ್ಮಪ್ಪನ ನೆನಪು ಹಾಳಾಯ್ತು," ಎಂದು ಅತ್ತೇಬಿಟ್ಟ. ಅಪ್ಪ ಸತ್ತಾಗ ಅವನು ಆ ಏಳು ಬಡಿತಗಳನ್ನೇ ಕೇಳುತ್ತ ಕೂತಿದ್ದನಂತೆ. ಅಚ್ಚಕ್ಕ, "ಕೇಳಪ್ಪ, ಈಗಲೂ ಕೇಳು, ನಾನೇನು ಬೇಡ ಅಂದ್ನಾ?" ಎಂದು ಫೋನಿಟ್ಟಳು.

ಮಗಳ ಸಿಟ್ಟು ಬೇರೆ ದಿಕ್ಕಿನದು. ಒಂದು ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತ ಕನ್ನಡಿಯೊಳಗಿಂದಲೇ ಕೇಳಿದಳು: "ಆ ಕಿವಿ ಅನ್ನೋ ಹೆಂಗಸು ಆಮೇಲೆ ಏನಾದ್ಲು?"

"ನಂಗೇನು ಗೊತ್ತು?"

"ಹುಡುಕಲಿಲ್ವಾ?"

"ನೀನು ಹೊಟ್ಟೇಲಿದ್ದೆ. ನಿನಗೋಸ್ಕರ ಬಾಯಿ ಮುಚ್ಕೊಂಡೆ."

"ನಾನು ಹುಟ್ಟಿ ಮೂವತ್ತೊಂದು ವರ್ಷ ಆಯ್ತಮ್ಮ," ಎಂದಳು ಮಗಳು. "ನನ್ನ ತಲೆ ಮೇಲೆ ಹಾಕಬೇಡ ಅದನ್ನ." ಬಾಚಣಿಗೆ ಮೇಜಿನ ಮೇಲೆ ಎಸೆದು ಕೆಲಸಕ್ಕೆ ಹೊರಟುಹೋದಳು.

ಕಿವಿಯನ್ನು ಹುಡುಕಿದ್ದು ಬೇರೆ ಯಾರೂ ಅಲ್ಲ, ಸರ್ವೇಯರ್. ಅಚ್ಚಕ್ಕನ ಮೇಲಿನ ಹಟಕ್ಕೆ ಹುಡುಕಿದ. ಕಾರ್ಖಾನೆಯ ಹಳೆಯ ನೌಕರರನ್ನು ಒಬ್ಬೊಬ್ಬರನ್ನಾಗಿ ಹಿಡಿದು ವಿಚಾರಿಸಿದ. ಕೇಳುವ ಕೋಣೆಯಲ್ಲಿ ಕೂತಿದ್ದವಳೇ ಬಂದು 'ಸ್ಪ್ಯಾನರೂ ಇಲ್ಲ, ಗಿಪ್ಯಾನರೂ ಇಲ್ಲ' ಎಂದುಬಿಟ್ಟರೆ ಈ ಮುದುಕಿಯ ಬಾಯಿಗೆ ಬೀಗ ಬೀಳುತ್ತದೆ ಎಂಬುದು ಅವನ ಲೆಕ್ಕಾಚಾರ. ಐದನೇ ಭಾನುವಾರ ಮಧ್ಯಾಹ್ನ ಇಡೀ ಗುಂಪು ಮತ್ತೆ ಮೆಟ್ಟಿಲು ಹತ್ತಿತು. ಮುಂದೆ ಸರ್ವೇಯರ್, ಅವನ ಹಿಂದೆ ಬೂದು ಬಣ್ಣದ ಕೋಟು ಹಾಕಿದ ಒಬ್ಬ ತೆಳ್ಳನೆಯ ಹೆಂಗಸು.

ಅಚ್ಚಕ್ಕ ಗುರುತು ಹಿಡಿದಳು. ಕೂದಲು ಬೆಳ್ಳಗಾಗಿತ್ತು, ಕತ್ತು ಸ್ವಲ್ಪ ಒಂದು ಪಕ್ಕಕ್ಕೆ ವಾಲಿಸಿ ಆಲಿಸುವ ಅಭ್ಯಾಸ ಹಾಗೇ ಇತ್ತು.

"ಹೇಳಿ ಅಮ್ಮಾ," ಎಂದ ಸರ್ವೇಯರ್, ಕಟಕಟೆಯ ಮುಂದೆ ನಿಂತ ವಕೀಲನಂತೆ. "ಆ ರೆಕಾರ್ಡ್ ನೀವು ಕೇಳಿ ಪರೀಕ್ಷೆ ಮಾಡಿದ್ರಿ. ಕೊನೇಲಿ ಇರೋ ಬಡಿತ ಸ್ಟುಡಿಯೋದಿಂದ ಬಂದ ಮಾಸ್ಟರ್ ಟೇಪಲ್ಲೇ ಇತ್ತು ತಾನೆ?"

ಕಿವಿ ಅವನ ಕಡೆ ನೋಡಲೂ ಇಲ್ಲ. "ಟೇಪಲ್ಲಿ ಇರಲಿಲ್ಲ. ಮೊದಲ ನೂರರಲ್ಲೇ ನನಗೆ ಕೇಳಿಸ್ತು. ಕೇಳಿಸಿ, ಪುಸ್ತಕದಲ್ಲಿ ಬರೆದೆ. ಬರೆದಿದ್ದನ್ನ ಫೋರ್‌ಮನ್‌ಗೆ ತೋರಿಸ್ದೆ. 'ಸತ್ತವನ ಸುದ್ದಿ ಪೇಪರಲ್ಲಿ ಇರುವಾಗಲೇ ಅಂಗಡಿಗೆ ಹೋಗಬೇಕು, ನಿಲ್ಲಿಸೋಕಾಗಲ್ಲ,' ಅಂದ. ಆಮೇಲೆ ಆ ಹಾಳೆ ಹರಿದು ಹಾಕಿ, ನನ್ನನ್ನ ಕಿವುಡಿ ಅಂದ."

ಅಚ್ಚಕ್ಕನಿಗೆ ಇದು ಹೊಸ ಸುದ್ದಿ. ಎದೆಯ ಮೇಲಿದ್ದ ಕಲ್ಲು ಒಂದು ಕ್ಷಣ ಸರಿದಂತಾಯಿತು. "ಹಾಗಾದ್ರೆ ತಪ್ಪು ಆ ಹಾಳಾದವನದೇ!" ಎಂದು ಒಂದು ಹೆಜ್ಜೆ ಮುಂದಿಟ್ಟಳು. "ನನಗೆ ಗೊತ್ತೇ ಇರಲಿಲ್ಲ ಕಣೇ..."

"ಅಲ್ಲೇ ನಿಲ್ಲು," ಎಂದಳು ಕಿವಿ. "ಅವನದ್ದು ಅವನಿಗೆ. ಅವನು ಸತ್ತ, ಸುಟ್ಟೂ ಆಯ್ತು. ನಿನ್ನದು ಹೇಳು. ಅವತ್ತು ಅವನು ನನ್ನನ್ನ ಕಿವುಡಿ ಅಂತ ಕೂಗ್ವಾಗ ನೀನು ಎಷ್ಟು ದೂರದಲ್ಲಿದ್ದೆ?"

ಅಚ್ಚಕ್ಕ ಮಗಳ ಕಡೆ ತಿರುಗಿದಳು.

"ನಾನೇ ಹೇಳ್ತೀನಿ. ಈ ಗೋಡೆಯಿಂದ ಆ ಗೋಡೆ. ನೀನು ಒಂದು ಮಾತು ಅಂದಿದ್ರೆ ಸಾಕಿತ್ತು. 'ಅವಳದಲ್ಲ, ನಂದು.' ಎರಡೇ ಎರಡು ಶಬ್ದ ಹೊರಡಲಿಲ್ಲ ನಿನ್ನ ಬಾಯಿಂದ. ಕಿವುಡಿ ಅನ್ನೋ ಹೆಸರು ನನ್ನ ಹಿಂದೇನೇ ಬಂತು. ರೇಡಿಯೋದಲ್ಲಿ ಕೆಲಸ ಕೇಳೋಕೆ ಹೋದೆ, ಅಲ್ಲಿಗೂ ಬಂತು. ಕೊನೆಗೆ ನೇಯ್ಗೆ ಮಿಲ್ಲಲ್ಲಿ ಇಪ್ಪತ್ತಾರು ವರ್ಷ. ಅಲ್ಲಿನ ಗದ್ದಲಕ್ಕೆ ಎಡಗಿವಿ ನಿಜವಾಗ್ಲೂ ಹೋಯ್ತು. ಈಗ ಹೇಳು. ಇವರೆಲ್ಲರ ಮುಂದೆ ಹೇಳು."

ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ತಾಯಿಯನ್ನೇ ನೋಡುತ್ತಿದ್ದಳು. ಫೋರ್‌ಮನ್, ಸ್ಟೂಲು, ಬಸುರು ಎಲ್ಲ ನಾಲಿಗೆಯ ತುದಿಗೆ ಬಂದು ನಿಂತವು. ಅಚ್ಚಕ್ಕ ಅವನ್ನೆಲ್ಲ ನುಂಗಿಕೊಂಡಳು.

"ನಂದು," ಎಂದಳು. "ಸ್ಪ್ಯಾನರ್ ಬೀಳಿಸಿದ್ದು ನಾನು. ನೋಡಿ ಮುಚ್ಚಿಟ್ಟಿದ್ದು ನಾನು. ಇವಳನ್ನ ಕಳಿಸ್ವಾಗ ಸುಮ್ಮನಿದ್ದಿದ್ದೂ ನಾನೇ."

ಕಿವಿ ತಲೆಯಾಡಿಸಿದಳು, ಒಂದು ಕೆಲಸ ಮುಗಿಯಿತೆನ್ನುವಂತೆ. ಮಗಳು ಚಹಾ ತಂದಳು. ಕಿವಿ ಮುಟ್ಟಲಿಲ್ಲ.

ಅಭಿಮಾನಿಗಳಿಗೆ ಅಷ್ಟರಲ್ಲಿ ಬೇರೆಯೇ ಚಡಪಡಿಕೆ ಹತ್ತಿತ್ತು. ಬಡಿತಗಳಿಲ್ಲದ ಟೇಪನ್ನು ಕೇಳಿದವಳು, ಆ ಆಲ್ಬಮ್ಮನ್ನು ಅಂಗಡಿಗೆ ಬರುವ ಮೊದಲೇ ಕೇಳಿದವಳು ಮುಂದೆ ನಿಂತಿದ್ದಾಳೆ! ಔಷಧಿ ಅಂಗಡಿಯವನು ಮೆಲ್ಲಗೆ ಕೇಳಿದ: "ಅಮ್ಮಾ, ಆ ಹಾಡು... ಮೊದಲ ಸಲ ಕೇಳಿದಾಗ ನಿಮಗೇನನ್ನಿಸ್ತು?"

"ದಿನಕ್ಕೆ ಹತ್ತು ಹನ್ನೆರಡು ಸಲ ಕೇಳ್ತಿದ್ದೆ. ಏನನ್ಸುತ್ತೆ? ಎರಡನೇ ಚರಣದಲ್ಲಿ ಬೇಸ್‌ನವನು ಅರ್ಧ ಸ್ವರ ತಪ್ಪಿದ್ದಾನೆ. 'ಗುಂಡಿ' ಅನ್ನೋ ಪದ ಬರುತ್ತಲ್ಲ, ಅಲ್ಲಿ. ಗಾಯಕನಿಗೆ ಅದು ಕೇಳಿಸಿ ದನಿ ಒಂಚೂರು ಎಳೆದು ಅವನ ತಪ್ಪು ಮುಚ್ತಾನೆ. ಮೂವತ್ತು ವರ್ಷದಿಂದ ಕೇಳ್ತಿದ್ದೀರಂತೆ. ಒಬ್ಬರಿಗೂ ಕೇಳಲಿಲ್ವಾ?"

ಯಾರಿಗೂ ಕೇಳಿರಲಿಲ್ಲ. ಅಳಿಯ ಓಡಿಹೋಗಿ ರೆಕಾರ್ಡ್ ಹಾಕಿದ. 'ಗುಂಡಿ' ಬಂತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರುಗಳಿಗೆ ಎಲ್ಲರೂ ಒಟ್ಟಿಗೆ ಬಾಯಿ ತೆರೆದರು: ಮುಂದಿನ ಭಾನುವಾರ ಬರುತ್ತೀರಾ, ಐದನೆಯದನ್ನೂ ನೀವೇ ಕೇಳಿದ್ದಾ, ಅವರಿಬ್ಬರ ಜಗಳ ಅಲ್ಲಿಂದಲೇ ಶುರುವಾಯಿತಾ?

"ನಿಮಗೆ ಬೇರೆ ಕೆಲಸ ಇಲ್ವೇನ್ರಪ್ಪಾ?" ಎಂದಳು ಕಿವಿ. "ಇಬ್ಬರು ಹೆಂಗಸರ ಬಾಳಿನ ವಿಷಯ ನಡೀತಾ ಇದೆ ಇಲ್ಲಿ, ನಿಮಗೆ ಐದನೇ ಆಲ್ಬಂ ಚಿಂತೆ. ಥೂ!" ಎಂದು ಕೋಟಿನ ಗುಂಡಿ ಹಾಕಿಕೊಂಡು ಮೆಟ್ಟಿಲಿಳಿದಳು. ಸರ್ವೇಯರ್ ಬಸ್ ನಿಲ್ದಾಣದವರೆಗೆ ಬರುತ್ತೇನೆಂದು ಹಿಂದೆ ಓಡಿದವನು ಬೈಸಿಕೊಂಡು ವಾಪಸಾದ.

ಗುಂಪು ಒಡೆಯಿತು. ಬಡಿತಗಳನ್ನು ಬಿಡಲೊಪ್ಪದವರು ಸರ್ವೇಯರನ ಜೊತೆ ಸೈಕಲ್ ಅಂಗಡಿಯ ಮೇಲಿನ ಕೋಣೆಗೆ ಹೋದರು. ಗಾಯಕನೇ ಕಾರ್ಖಾನೆಗೆ ಹೇಳಿ ಆ ಗುರುತು ಹಾಕಿಸಿದನೆಂದೂ ಅದಕ್ಕೇ ಫೋರ್‌ಮನ್ ಹಾಳೆ ಹರಿದನೆಂದೂ ಅವರು ಹೊಸ ವಾದ ಕಟ್ಟಿದರು. ಔಷಧಿ ಅಂಗಡಿಯವನು ಅತ್ತಲೂ ಇಲ್ಲ ಇತ್ತಲೂ ಇಲ್ಲ. ಸ್ಕೂಟರ್ ಹೋದದ್ದು ಹೋಯಿತು ಎಂದು ಮನೆಯಲ್ಲೇ ಉಳಿದ. ಗಡಿಯಾರದವನು ಮಾತ್ರ ಭಾನುವಾರ ಮೂರಕ್ಕೆ ಬಂದು ಮೂಲೆಯಲ್ಲಿ ಕೂತು ಹೋಗುತ್ತಿದ್ದ.

ಅಳಿಯ ಅಧ್ಯಾಯವನ್ನು ಹರಿದು ಮತ್ತೆ ಬರೆಯಲು ಕೂತ. ಒಂದು ಸಂಜೆ ಅಡುಗೆಮನೆಯ ಪಕ್ಕಕ್ಕೆ ಬಂದು, ಮಂಚದ ಕಾಲನ್ನು ನೋಡುತ್ತ ನಿಂತ. ಮಗಳು ಮನೆಯಲ್ಲಿರಲಿಲ್ಲ, ಬೇರೆಯವರ ಬಾಯಿಂದ ಹೇಳಿಸುವ ಹಾಗಿರಲಿಲ್ಲ.

"ಆ ಸ್ಪ್ಯಾನರ್ ಎಷ್ಟುದ್ದ ಇತ್ತು?"

ಆರು ವಾರದಲ್ಲಿ ಅವನು ನೇರವಾಗಿ ಆಡಿದ ಮೊದಲ ಮಾತು. ಅಚ್ಚಕ್ಕ ಎರಡು ಬೆರಳು ಅಗಲಿಸಿ ತೋರಿಸಿದಳು. ಅವನು ಸ್ಕೇಲ್ ತಂದು ಬೆರಳುಗಳ ನಡುವೆ ಹಿಡಿದು ಅಳೆದು ಬರೆದುಕೊಂಡ.

"ಹತ್ತು ಗಂಟೆ ನಿಂತಿದ್ದೆ ಅಂತಾನೂ ಬರಿ," ಎಂದಳು. "ಸ್ಟೂಲ್ ಕೊಡಲಿಲ್ಲ ಅಂತಾನೂ."

"ಅದು ಸಂಗೀತದ ವಿಷಯ ಅಲ್ಲ ಅತ್ತೆ."

"ಹಾಗಾದ್ರೆ ಸ್ಪ್ಯಾನರೂ ಅಲ್ಲ."

ಅವನು ಹಲ್ಲು ಕಚ್ಚಿಕೊಂಡು ಹೋದ. ಪುಸ್ತಕ ಅಚ್ಚಾಗಿ ಬಂದಾಗ ಸ್ಟೂಲಿನ ಮಾತು ಅದರಲ್ಲಿತ್ತು, ಅಡಿಟಿಪ್ಪಣಿಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಸದ್ದು ಕೇಳಿ ಬರೆದಿಟ್ಟರೂ ಕಿವುಡಿ ಎನಿಸಿಕೊಂಡ ಪರೀಕ್ಷಕಿಯ ವಿಷಯಕ್ಕೆ ಮಾತ್ರ ಒಂದಿಡೀ ಪುಟವಿತ್ತು. ಅಚ್ಚಕ್ಕನಿಗೆ ಅವನು ಪ್ರತಿ ಕೊಡಲಿಲ್ಲ. ಅವಳು ಗ್ರಂಥಾಲಯಕ್ಕೆ ಹೋಗಿ, ಅಳಿಯನದೇ ಕೈಯ ನಂಬರು ಅಂಟಿದ ಪ್ರತಿಯನ್ನು ತಂದು ಓದಿದಳು.

ಗಡಿಯಾರದವನ ಮೂಲಕ ಸರ್ವೇಯರನಿಂದ ವಿಳಾಸ ತರಿಸಿಕೊಂಡು ಅವಳು ಒಂದು ಗುರುವಾರ ಬೆಳಿಗ್ಗೆ ಎರಡು ಬಸ್ಸು ಬದಲಿಸಿ ಕಿವಿಯ ಮನೆಗೆ ಹೋದಳು. ಮೂರನೇ ಮಹಡಿ, ಲಿಫ್ಟಿಲ್ಲ. ಮಂಡಿಗೆ ಪ್ರತಿ ಮೆಟ್ಟಿಲೂ ಶಾಪ. ಬಾಗಿಲು ತೆರೆದ ಕಿವಿ ಅವಳನ್ನು ನೋಡಿ, ಏನೂ ಅನ್ನದೆ ಮುಚ್ಚಿದಳು. ಅಚ್ಚಕ್ಕ ಇಳಿದು ಬಂದಳು. ಮುಂದಿನ ಗುರುವಾರ ಮತ್ತೆ ಹೋದಳು. ಮತ್ತೆ ಮುಚ್ಚಿತು. ಮೂರನೆಯ ಸಲ ಹತ್ತಿದವಳಿಗೆ ಇಳಿಯಲು ಕಾಲು ಬರಲಿಲ್ಲ. ಮುಚ್ಚಿದ ಬಾಗಿಲ ಮುಂದಿನ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ಕಾಲು ಗಂಟೆ ಕಳೆದ ಮೇಲೆ ಬಾಗಿಲು ತೆರೆಯಿತು.

"ಯಾಕೆ ಬರ್ತೀಯ? ಕ್ಷಮಿಸಿದೆ ಅನ್ನಲಿ ಅಂತ ತಾನೆ? ಅನ್ನಲ್ಲ."

"ಅನ್ನಬೇಡ."

"ಮತ್ತೇನು ನಿನ್ನ ಗೋಳು?"

"ಕಾಲು ನೋವು. ಇಳಿಯೋಕಾಗ್ತಿಲ್ಲ."

ಕಿವಿ ಬೈಯತೊಡಗಿದಳು. ರೇಡಿಯೋದವರು ಮುಖ ತಿರುಗಿಸಿದ ದಿನದಿಂದ ಹಿಡಿದು, ಮಿಲ್ಲಿನ ಗದ್ದಲ, ಎಡಗಿವಿ, ಕಿವುಡಿಯೆಂದು ಕೇಳಿ ಮುರಿದುಹೋದ ಒಂದು ಸಂಬಂಧ, ಎಲ್ಲವನ್ನೂ ಸಾಲಾಗಿ ತೆಗೆದಳು. ಪಕ್ಕದ ಮನೆಯವರು ಬಾಗಿಲು ಸರಿಸಿ ಇಣುಕಿದರು. ಅಚ್ಚಕ್ಕ ಅಡ್ಡಬಾಯಿ ಹಾಕಲಿಲ್ಲ. ಅವಳ ಕೇಳಿಸುವ ಬಲಗಿವಿಯ ಕಡೆಗೆ ಸರಿದು ಕೂತು, ಹೂಂಗುಟ್ಟುತ್ತ ಕೇಳಿಸಿಕೊಂಡಳು. ಹನ್ನೊಂದಕ್ಕೆ ಶುರುವಾದದ್ದು ಮಧ್ಯಾಹ್ನ ಒಂದು ಗಂಟೆಯಾದರೂ ಮುಗಿದಿರಲಿಲ್ಲ, ಬಾಗಿಲೂ ಮುಚ್ಚಿರಲಿಲ್ಲ.